ಫೋಟೋದವಳು

ಫೋಟೋದಲ್ಲಿ ಒಂದೇ ಒಂದು ದೋಷವಿರಲಿಲ್ಲ. ರೇಷ್ಮೆ ಸೀರೆಯ ಅಂಚು ನೇರವಾಗಿತ್ತು. ಕುಂಕುಮ ಹಣೆಯ ನಟ್ಟನಡುವೆ ಇತ್ತು. ಕೂದಲಿನ ಒಂದೆಳೆಯೂ ಅಡ್ಡಾದಿಡ್ಡಿ ಹಾರಿರಲಿಲ್ಲ. ತೊಂದರೆಯಿದ್ದದ್ದು ಒಂದೇ. ಅದರಲ್ಲಿ ನನ್ನ ಅತ್ತಿಗೆ ಇರಲಿಲ್ಲ.

ಸುಶೀಲತ್ತಿಗೆ, ಎಂದರೆ ನನ್ನ ಅಣ್ಣನ ಹೆಂಡತಿ, ಕಳೆದ ವರ್ಷ ಮಾಗಿಯ ಚಳಿಯಲ್ಲಿ ತೀರಿಕೊಂಡರು. ಜ್ವರವೆಂದು ಮಲಗಿದವರು ಏಳಲಿಲ್ಲ. ಸಂಸೆಯ ಆಚೆ ಅಣ್ಣನಿಗೊಂದು ಸಣ್ಣ ಕಾಫಿ ತೋಟವಿದೆ. ಮನೆಯಲ್ಲಿ ಇದ್ದವರು ಅವರಿಬ್ಬರೇ. ಹನ್ನೊಂದನೆಯ ದಿನದ ತಿಥಿಗೆ ಫೋಟೋ ಬೇಕಾಯಿತು.

ನಮ್ಮಲ್ಲಿ ಎಡೆ ಇಡುವುದು ಫೋಟೋದ ಮುಂದೆ. ತೀರಿಕೊಂಡವರಿಗೆ ಏನೇನು ಇಷ್ಟವೋ ಅದನ್ನೆಲ್ಲ ಬಾಳೆಲೆಯ ಮೇಲೆ ಬಡಿಸಿ, ಎದುರಿಗೆ ಅವರ ಫೋಟೋ ಇಟ್ಟು, ಹಾರ ಹಾಕಿ, ಬಾಗಿಲು ಮುಚ್ಚಿ, ಮನೆಯವರೆಲ್ಲ ಸ್ವಲ್ಪ ಹೊತ್ತು ಹೊರಗೆ ನಿಲ್ಲುತ್ತೇವೆ. ಆಗ ಅವರು ಬಂದು ಉಣ್ಣುತ್ತಾರೆ. ಫೋಟೋ ಏಕೆಂದು ಚಿಕ್ಕವಳಿದ್ದಾಗ ಅಮ್ಮನನ್ನು ಕೇಳಿದ್ದೆ. "ತಮ್ಮ ಎಲೆ ಯಾವುದು ಅಂತ ಅವರಿಗೆ ಗೊತ್ತಾಗ್ಬೇಡ್ವಾ?" ಎಂದಿದ್ದರು ಅಮ್ಮ. ಉತ್ತರ ತರ್ಕಬದ್ಧವಾಗಿಯೇ ಇತ್ತು.

ಇಡೀ ಮನೆ ಜಾಲಾಡಿದೆವು. ಅಣ್ಣನ ಮದುವೆಯ ಫೋಟೋ ಸಿಕ್ಕಿತು. ಅತ್ತಿಗೆಯ ಮುಖವಿದ್ದ ಜಾಗದಲ್ಲಿ ಬೂಷ್ಟು ಹಬ್ಬಿತ್ತು. (ಆ ಕಡೆಯ ಮಳೆಗಾಲದಲ್ಲಿ ಚಪ್ಪಲಿ, ಬೆಲ್ಟು, ಫೋಟೋ ಯಾವುದನ್ನೂ ಬೂಷ್ಟು ಬಿಡುವುದಿಲ್ಲ.) ನೆಂಟರಿಷ್ಟರ ಮದುವೆಯ ಆಲ್ಬಮ್‌ಗಳನ್ನು ತರಿಸಿ ನೋಡಿದೆವು. ಒಂದರಲ್ಲಿ ಅತ್ತಿಗೆಯ ಬೆನ್ನು. ಇನ್ನೊಂದರಲ್ಲಿ ಕಡುಬಿನ ಪಾತ್ರೆ ಹಿಡಿದ ಮೊಣಕೈ. ಮತ್ತೊಂದರಲ್ಲಿ, ಮದುಮಗಳ ಸೋದರಮಾವನ ಭುಜದ ಹಿಂದೆ, ಒಂದು ಕಿವಿ ಮತ್ತು ಅದರ ಓಲೆ. ಪ್ರತಿ ಕುಟುಂಬದಲ್ಲೂ ಇಂಥವರು ಒಬ್ಬರು ಇರುತ್ತಾರಲ್ಲವೇ? ಫೋಟೋಗೆ ಕರೆದರೆ, "ನೀವು ತೆಗ್ಸಿ, ಬಂದೆ, ಒಲೆ ಮೇಲೆ ಸಾರಿದೆ" ಎಂದು ಒಳಗೆ ಹೋದವರು. ಅವರು ಇನ್ನೂ ಬಂದಿಲ್ಲ.

ಮೊಬೈಲಿನಲ್ಲಿ ಇರಲಿಲ್ಲವೇ ಎಂದು ನೀವು ಕೇಳಬಹುದು. ಅಣ್ಣನದು ಬಟನ್ ಫೋನು. ಮಕ್ಕಳಿದ್ದಿದ್ದರೆ ಹುಟ್ಟುಹಬ್ಬದ ಸೆಲ್ಫಿಯಾದರೂ ಇರುತ್ತಿತ್ತು, ಅವರಿಗೆ ಮಕ್ಕಳಿಲ್ಲ. ನನ್ನ ಮೊಬೈಲ್? ನಾನು ಫೋಟೋ ತೆಗೆಯುವವಳಲ್ಲ. ಅತ್ತಿಗೆಯ ಬಗ್ಗೆ ಇದೇ ಅಂಕಣದಲ್ಲಿ ಒಮ್ಮೆ ಬರೆದಿದ್ದೆ. ಅದೇ ಸಾಕೆಂದುಕೊಂಡಿದ್ದೆ.

ಕೊನೆಗೆ ಉಳಿದದ್ದು ಆಧಾರ್ ಕಾರ್ಡು. ಅದರಲ್ಲಿ ನಾವೆಲ್ಲರೂ ಹೇಗೆ ಕಾಣುತ್ತೇವೆಂಬುದನ್ನು ನಿಮಗೆ ವಿವರಿಸಬೇಕಾಗಿಲ್ಲ. ಅದನ್ನೇ ಹಿಡಿದುಕೊಂಡು ಮೂಡಿಗೆರೆಯ ಸ್ಟುಡಿಯೋಗೆ ಹೋದೆ. ಸ್ಟುಡಿಯೋ ನಡೆಸುವ ಯತೀಶ ಕಾರ್ಡನ್ನು ತಿರುಗಿಸಿ ಮುರುಗಿಸಿ ನೋಡಿದ.

"ಚಿಂತೆ ಬೇಡ ಮೇಡಂ. ಈಗೆಲ್ಲ ಎಐ. ಫಸ್ಟ್ ಕ್ಲಾಸ್ ಮಾಡ್ಕೊಡ್ತೀನಿ. ಸೀರೆ ಯಾವ ಕಲರ್ ಹಾಕ್ಲಿ?"

ಅತ್ತಿಗೆ ಬದುಕಿದ್ದಾಗ ಅವರನ್ನು ಯಾರೂ ಹೀಗೆ ಕೇಳಿರಲಿಕ್ಕಿಲ್ಲ.

ಫೋಟೋ ಬಂತು. ತಿಥಿಗೆ ಬಂದವರೆಲ್ಲ "ಥೇಟ್ ಸುಶೀಲಮ್ಮನೇ ಕೂತಂಗಿದೆ" ಎಂದರು. ನಾನೂ ಒಪ್ಪಿದೆ. ಅಣ್ಣ ಮಾತ್ರ ನನ್ನನ್ನು ಪಕ್ಕಕ್ಕೆ ಕರೆದು, "ಇದ್ಯಾರೇ ಸರೋಜ?" ಎಂದ.

"ಅತ್ತಿಗೆ ಅಲ್ವಾ ಅಣ್ಣ?"

"ಅಲ್ಲ ಮಾರಾಯ್ತಿ. ಅವಳಿಗೊಬ್ಬ ತಂಗಿ ಇದ್ದಿದ್ರೆ ಹಿಂಗಿರ್ತಿದ್ಲೋ ಏನೋ. ಇರ್ಲಿ ಬಿಡು. ಫೋಟೋ ಬೇಕಾಗಿರೋದು ಬಂದವರಿಗೆ. ನಂಗೆ ಕಣ್ಣು ಮುಚ್ಚಿದ್ರೆ ಸಾಕು, ಬರ್ತಾಳೆ."

"ಬರ್ತಾಳೆ ಅಂದ್ರೆ? ನೆನಪಾಗ್ತಾಳೆ ಅಂತಾನಾ?"

"ನೆನಪಲ್ಲ. ಕಾಣ್ತಾಳೆ. ಈಗ ನಿನ್ನ ನೋಡ್ತಿಲ್ವಾ, ಹಂಗೆ. ಹಸಿರು ಸೆರಗು ಸೊಂಟಕ್ಕೆ ಸಿಕ್ಕಿಸ್ಕೊಂಡು ಕಣದಲ್ಲಿ ಒಣಗೋಕೆ ಹಾಕಿದ ಕಾಫಿ ಕೆದಕ್ತಿರ್ತಾಳೆ. ಯಾಕೆ, ನಿಂಗೆ ಕಾಣಲ್ವಾ?"

ಕಾಣುವುದಿಲ್ಲ. ನಾನು ಕಣ್ಣು ಮುಚ್ಚಿದರೆ ಅಲ್ಲಿರುವುದು ಕತ್ತಲೆ. ಅತ್ತಿಗೆಯಷ್ಟೇ ಅಲ್ಲ, ಅಮ್ಮನೂ ಕಾಣುವುದಿಲ್ಲ, ಕಳೆದ ವಾರ ನೋಡಿ ಬಂದ, ದೇವರಮನೆ ಎಂಬ ಊರಿನ ಗುಡ್ಡವೂ ಕಾಣುವುದಿಲ್ಲ. ಗುಡ್ಡದಲ್ಲಿ ಹುಲ್ಲುಗಾವಲಿದೆ, ಕಲ್ಲಿನ ಹಳೆಯ ದೇವಸ್ಥಾನವಿದೆ, ಗಾಳಿ ಜೋರಾಗಿದೆ ಎಂಬುದೆಲ್ಲ ನನಗೆ ಗೊತ್ತು. ಆದರೆ ಗೊತ್ತಿರುವುದು ವಾಕ್ಯಗಳಾಗಿ. ಕರ್ತೃ, ಕರ್ಮ, ಕ್ರಿಯಾಪದ ಎಲ್ಲವೂ ತಮ್ಮ ತಮ್ಮ ಸ್ಥಾನದಲ್ಲಿರುತ್ತವೆ. ಚಿತ್ರ ಮಾತ್ರ ಇಲ್ಲ.

ಉಳಿದವರಿಗೂ ಹೀಗೆಯೇ ಎಂದು ನಾನು ಇಷ್ಟು ವರ್ಷ ನಂಬಿದ್ದೆ. "ಕಣ್ಣಿಗೆ ಕಟ್ಟುವಂತೆ ವರ್ಣಿಸಿರಿ" ಎಂಬ ಪ್ರಶ್ನೆಯನ್ನು ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತ ಎಷ್ಟು ತಂಡಗಳಿಗೆ ಕೊಟ್ಟಿದ್ದೇನೆ! ಅದೊಂದು ಆಲಂಕಾರಿಕ ಪ್ರಯೋಗವೆಂದೇ ತಿಳಿದಿದ್ದೆ. ಜನರ ಕಣ್ಣಿಗೆ ನಿಜವಾಗಿಯೂ ಏನೋ ಕಟ್ಟುತ್ತದೆಂದು ಯಾರೂ ನನಗೆ ಹೇಳಿರಲಿಲ್ಲ. (ಹೇಳಬೇಕೆಂದು ಯಾರಿಗೆ ತಾನೇ ತೋಚೀತು?)

ಅಣ್ಣನದು ಇದಕ್ಕೆ ಪೂರ್ತಿ ವಿರುದ್ಧ. ಪ್ರತಿ ವರ್ಷ ಮರಗಸಿಗೆ ಮುನ್ನ, ಎಂದರೆ ಕಾಫಿಗೆ ಬಿಸಿಲು ಬೀಳಲೆಂದು ನೆರಳಿನ ಮರಗಳ ಕೊಂಬೆ ಸವರುವ ಮುನ್ನ, ಅವನು ಜಗಲಿಯಲ್ಲಿ ಕಣ್ಣು ಮುಚ್ಚಿ ಕೂರುತ್ತಾನೆ. ತೋಟವನ್ನು ಅಲ್ಲಿಯೇ ಒಂದು ಸುತ್ತು ಹಾಕುತ್ತಾನೆ. ಯಾವ ಮರದ ಯಾವ ಕೊಂಬೆ ಹೋಗಬೇಕು, ಹೋದರೆ ಬೆಳಕು ಎಲ್ಲಿ ಬೀಳುತ್ತದೆ ಎಲ್ಲವನ್ನೂ ಕುಳಿತಲ್ಲಿಯೇ ನೋಡಿಕೊಂಡು ಏಳುತ್ತಾನೆ. ನಿದ್ದೆ ಮಾಡುತ್ತಿದ್ದಾನೆಂದು ನಾವು ನಗುತ್ತಿದ್ದೆವು.

ಶಾಲೆಯಲ್ಲಿ ಅವನು ಪ್ರಬಂಧದಲ್ಲಿ ಸದಾ ಹಿಂದೆ. ಹಸುವಿನ ಬಗ್ಗೆ ಬರೆಯೆಂದರೆ ಖಾಲಿ ಹಾಳೆಯನ್ನು ಒಪ್ಪಿಸಿ ಬರುತ್ತಿದ್ದ. ದಡ್ಡನೆಂದು ಮನೆಯವರೆಲ್ಲ ತೀರ್ಮಾನಿಸಿದ್ದೆವು. ಆ ದಿನ ಅದರ ಕಾರಣವೂ ಹೊರಬಂತು. "ಇಡೀ ಹಸು ಎದುರಿಗೆ ನಿಂತಿರ್ತದೆ ಮಾರಾಯ್ತಿ. ಎಲ್ಲಿಂದ ಶುರು ಮಾಡೋದು?"

ನನ್ನೆದುರು ಎಂದೂ ಹಸು ನಿಂತಿರಲಿಲ್ಲ. ಆದ್ದರಿಂದಲೇ ನನಗೆ ಪೂರ್ಣಾಂಕ ಬರುತ್ತಿತ್ತು.

ಒಂದೇ ತಾಯಿಯ ಇಬ್ಬರು ಮಕ್ಕಳು. ಒಬ್ಬನ ತಲೆಯಲ್ಲಿ ಚಿತ್ರಗಳು, ಇನ್ನೊಬ್ಬಳ ತಲೆಯಲ್ಲಿ ಮಾತುಗಳು. ಒಬ್ಬರ ತಲೆಯೊಳಗೆ ಏನಿದೆಯೆಂದು ಇನ್ನೊಬ್ಬರಿಗೆ ತಿಳಿಯಲು ಒಂದು ಸಾವಾಗಬೇಕಾಯಿತು. ಆದರೂ ಆ ಸಂಜೆ ನನಗೆ ಸಮಾಧಾನವಿತ್ತು. ಅತ್ತಿಗೆ ಎಲ್ಲಿಯೋ ಸುರಕ್ಷಿತವಾಗಿದ್ದಾರೆ, ಅಣ್ಣನ ರೆಪ್ಪೆಯ ಹಿಂದೆ ಇದ್ದಾರೆ ಎಂದುಕೊಂಡು ಬಸ್ಸು ಹತ್ತಿದೆ.

ಫೋಟೋವನ್ನು ನಡುಮನೆಯ ಗೋಡೆಗೆ ಹಾಕಿದರು.

ಕೊಯ್ಲಿನ ಸಮಯದಲ್ಲಿ ತೋಟ ಬಿಟ್ಟು ಪೇಟೆಗೆ ಬಂದ ಬೆಳೆಗಾರನನ್ನು ನೀವು ನೋಡಿದ್ದೀರಾ? ನಾನು ಈ ವರ್ಷ ನೋಡಿದೆ. ವರ್ಷದ ತಿಥಿಗೆ ಕೆಲವೇ ದಿನಗಳಿದ್ದವು. ಗಿಡದಲ್ಲಿ ಹಣ್ಣು ಕೆಂಪಗೆ ಬಿಟ್ಟುಕೊಂಡಿತ್ತು. ಅಣ್ಣ ಬೆಳಗಿನ ಬಸ್ಸಿಗೆ ಮೂಡಿಗೆರೆಗೆ ಬಂದು, ನಮ್ಮ ಮನೆಯ ಜಗಲಿಯಲ್ಲಿ ಕುಳಿತು, ಕೊಟ್ಟ ಕಾಫಿಯನ್ನು ಮುಟ್ಟದೆ ಹೇಳಿದ:

"ಬರ್ತಿಲ್ಲ ಸರೋಜ."

"ಯಾರು? ಆಳುಗಳಾ?"

"ಸುಶೀಲ."

ನಾನು ಅವನ ಪಕ್ಕದಲ್ಲಿ ಕುಳಿತೆ.

"ಕಣ್ಣು ಮುಚ್ಚಿದ್ರೆ ಫೋಟೋದವಳು ಬರ್ತಾಳೆ. ಅದೇ ರೇಷ್ಮೆ ಸೀರೆ ಉಟ್ಕೊಂಡು ಕಣದಲ್ಲಿ ನಿಂತಿರ್ತಾಳೆ. ಕೆದಕೋದಿಲ್ಲ, ಏನಿಲ್ಲ. ಸುಮ್ನೆ ನನ್ನ ನೋಡಿ ನಗ್ತಾಳೆ. ಬೆಳಿಗ್ಗೆ ಎದ್ರೆ ಎದುರಿಗೆ ಅದೇ ಗೋಡೆ ಅಲ್ವಾ? ನೋಡಿ ನೋಡಿ ಹಿಂಗಾಯ್ತೋ ಏನೋ. ತಿರುಗ್ಸಿ ಇಟ್ಟೆ. ಅಷ್ಟೊತ್ತಿಗೆ ಆಗೋದು ಆಗಿತ್ತು."

"ಬೇರೆ ಏನಾದ್ರೂ ಬರಲ್ವಾ? ತೋಟ?"

"ತೋಟ ಬರ್ತದೆ. ಒಂದೊಂದು ಮರಾನೂ ಬರ್ತದೆ. ಇವಳೊಬ್ಳು ಬರಲ್ಲ." ಕಾಫಿಯ ಲೋಟವನ್ನು ದೂರ ಸರಿಸಿ ಕೇಳಿದ: "ನೀನು ಬರೆಯೋಳಲ್ವಾ? ಅವಳು ಹೆಂಗಿದ್ಲು ಅಂತ ಒಂಚೂರು ಹೇಳು. ದಾರಿ ಸಿಕ್ಕಿದ್ರೆ ಬಂದಾಳು."

ಜೀವನದಲ್ಲಿ ನನ್ನ ಭಾಷೆಯನ್ನು ಯಾರೂ ಇಷ್ಟು ನಂಬಿ ಬಂದಿರಲಿಲ್ಲ. ನಾನು ಹೇಳಿದೆ. ಅತ್ತಿಗೆಯ ಬಲಹುಬ್ಬಿನ ತುದಿಯಲ್ಲಿ ಒಂದು ಹಳೆಯ ಗಾಯದ ಗುರುತಿತ್ತು. ಅಲ್ಲಿ ಕೂದಲು ಬೆಳೆಯುತ್ತಿರಲಿಲ್ಲ. ನಗುವಾಗ ಕೆಳದುಟಿ ಎಡಕ್ಕೆ ಜರುಗುತ್ತಿತ್ತು. ಯಾರಾದರೂ ಸುಳ್ಳು ಹೇಳುತ್ತಿದ್ದರೆ ಗಲ್ಲವನ್ನು ಮುಂದಕ್ಕೆ ಚಾಚಿ, ಕಣ್ಣು ಕಿರಿದು ಮಾಡಿ ಕೇಳುತ್ತಿದ್ದರು. ಪ್ರತಿ ವಾಕ್ಯವೂ ಖಚಿತವಾಗಿತ್ತು. ಪ್ರತಿ ವಿಶೇಷಣಕ್ಕೂ ಆಧಾರವಿತ್ತು.

ಅಣ್ಣ ಕಣ್ಣು ಮುಚ್ಚಿ ಕೇಳಿದ. "ಹೌದು, ಹೌದು" ಎಂದ. ಮುಖದಲ್ಲಿ ಸ್ವಲ್ಪ ಬೆಳಕು ಬಂದಂತಿತ್ತು. ಅನಂತರ ಅದು ಆರಿತು.

"ಆ ಗಾಯ ಹೋಗಿ ಫೋಟೋದವಳ ಹುಬ್ಬಿನ ಮೇಲೆ ಕೂತ್ಕೊಂತು ಸರೋಜ."

ಮಾತು ಹೀಗೆ ಶತ್ರುವಿಗೆ ಆಭರಣ ತೊಡಿಸಬಹುದೆಂದು ನನಗೆ ತಿಳಿದಿರಲಿಲ್ಲ.

ಅಲ್ಲಿಗೆ ಬಿಡಬೇಕಿತ್ತು. ಬಿಡಲಿಲ್ಲ. ತಪ್ಪಿದ್ದರೆ ತಿದ್ದಬೇಕು, ನನ್ನ ಕೈ ಪಳಗಿರುವುದೇ ಹಾಗೆ. ಅಣ್ಣನನ್ನು ಕರೆದುಕೊಂಡು ಯತೀಶನ ಸ್ಟುಡಿಯೋಗೆ ಹೋದೆ. "ನಾನು ಹೇಳುತ್ತೇನೆ, ನೀನು ಅದಕ್ಕೆ ಹಾಕು. ಸರಿಯಾಯಿತೇ ಇಲ್ಲವೇ ಎಂದು ಅಣ್ಣ ಹೇಳಲಿ" ಎಂದೆ.

ವ್ಯವಸ್ಥೆ ಎಷ್ಟು ಅಚ್ಚುಕಟ್ಟಾಗಿತ್ತು ನೋಡಿ. ಮಾತು ನನ್ನದು, ಚಿತ್ರ ಯಂತ್ರದ್ದು, ತೀರ್ಪು ಅಣ್ಣನದು.

ಯತೀಶ ಹುಬ್ಬಿನ ಗಾಯ ಹಾಕಿಸಿದ. ಪರದೆಯ ಮೇಲೆ ಮುಖ ಮೂಡಿತು. ಅಣ್ಣ ತಲೆಯಲ್ಲಾಡಿಸಿದ. "ಅಲ್ಲ."

ತುಟಿಯನ್ನು ತಿದ್ದಿಸಿದೆ. "ಅಲ್ಲ ಅಲ್ಲ."

ಕೆನ್ನೆಯ ಮೂಳೆ, ಕತ್ತಿನ ಗೆರೆ, ಬೈತಲೆಯ ಬಳಿಯ ನರೆ. ಹೇಳಿದ್ದೆಲ್ಲ ಕ್ಷಣದಲ್ಲಿ ಬಂತು. ಹೇಳಿದ ಕಡೆಯೇ ಬಂತು. ಎಸ್ಸೆಸ್ಸೆಲ್ಸಿ ಮೌಲ್ಯಮಾಪನಕ್ಕೆ ಹೋದವರಿಗೆ ಗೊತ್ತಿರುತ್ತದೆ: ಉತ್ತರದಲ್ಲಿ ಇರಬೇಕಾದ ಅಂಶಗಳನ್ನು ಮೊದಲೇ ಕೊಟ್ಟಿರುತ್ತಾರೆ, ಅಂಶ ಕಂಡರೆ ಗುರುತು ಹಾಕಿ ಅಂಕ ಕೊಡುವುದು ನಮ್ಮ ಕೆಲಸ. ಆ ಲೆಕ್ಕದಲ್ಲಿ ಪ್ರತಿ ಮುಖಕ್ಕೂ ನಾನು ಪೂರ್ಣಾಂಕ ಕೊಡಬೇಕಿತ್ತು. ಪ್ರತಿ ಮುಖವೂ ಬೇರೆ ಯಾರದ್ದೋ ಆಗಿತ್ತು.

"ಇದಕ್ಕೆ ಒಳಗೆ ಏನಾದರೂ ಕಾಣುತ್ತದೆಯೇ ಯತೀಶ?" ಎಂದು ಕೇಳಿದೆ.

"ಅದೆಲ್ಲ ನಂಗೊತ್ತಿಲ್ಲ ಮೇಡಂ. ಲಕ್ಷಗಟ್ಲೆ ಮುಖ ನೋಡಿರ್ತದೆ ಅಂತಾರೆ."

"ನೋಡಿರುತ್ತದೆಯೇ?"

"ಹಂಗಂತಾರೆ. ಕಣ್ಣೇನಿಲ್ಲ. ಎಲ್ಲಾ ನಂಬರ್ ಅಂತೆ. ಹುಬ್ಬು ಅಂದ್ರೆ ಒಂದಿಷ್ಟು ನಂಬರ್, ಗಾಯ ಅಂದ್ರೆ ಇನ್ನೊಂದಿಷ್ಟು. ಕೂಡ್ಸಿ ಕಳ್ದು ಕೊಡ್ತದೆ."

ಆಗ ನನಗೆ ಆ ಯಂತ್ರದ ಮೇಲೆ ಸಿಟ್ಟು ಬರಲಿಲ್ಲ. ಪರಿಚಯದ ಮುಖವೊಂದನ್ನು ಕಂಡಂತಾಯಿತು. (ನಾನು ಮುಖ ಕಾಣುವುದು ಅಪರೂಪ.) ಅದು ಗುರುತುಗಳನ್ನು ಜೋಡಿಸುತ್ತದೆ, ನಾನೂ ಜೋಡಿಸುತ್ತೇನೆ. ಅದು ನೋಡದೆ ತೋರಿಸುತ್ತದೆ. ನಾನು ನೋಡದೆ ವರ್ಣಿಸುತ್ತೇನೆ. ಅದಕ್ಕೆ ಅತ್ತಿಗೆ ಗೊತ್ತಿರಲಿಲ್ಲ. ನನಗೆ ಗೊತ್ತಿದ್ದರು, ಅವರ ಕೈಯ ಅಕ್ಕಿರೊಟ್ಟಿ ತಿಂದು ಬೆಳೆದವಳು ನಾನು. ಆದರೆ ಆ ಕುರ್ಚಿಯಲ್ಲಿ ಕುಳಿತು ಹುಬ್ಬು, ತುಟಿ, ಗಲ್ಲ ಎಂದು ಹೇಳುತ್ತಿದ್ದಾಗ ನಮ್ಮಿಬ್ಬರ ನಡುವೆ ಏನು ವ್ಯತ್ಯಾಸವಿತ್ತು? ಆ ಕೋಣೆಯಲ್ಲಿ ಅತ್ತಿಗೆಯನ್ನು ನಿಜಕ್ಕೂ ಇಟ್ಟುಕೊಂಡಿದ್ದವನು ಒಬ್ಬನೇ. ಅವನ ಕಣ್ಣೆದುರು ನಾವಿಬ್ಬರೂ ಸೇರಿ ಒಬ್ಬೊಬ್ಬ ಅಪರಿಚಿತಳನ್ನೇ ತಂದು ನಿಲ್ಲಿಸುತ್ತಿದ್ದೆವು.

ಇನ್ನೊಂದು ಮುಖ ಬಂತು. ಅಣ್ಣ ಕಣ್ಣು ಮುಚ್ಚಿದ, ತೆರೆದ. "ಅಲ್ಲ ಅನ್ಸುತ್ತೆ" ಎಂದ.

ನಾನು ಗಮನಿಸಬೇಕಿತ್ತು. "ಅಲ್ಲ" ಎಂಬುದು "ಅಲ್ಲ ಅನ್ಸುತ್ತೆ" ಆಗುವಷ್ಟರಲ್ಲಿ ಏನೋ ಒಂದು ಕಳಚಿಕೊಂಡಿರುತ್ತದೆ. ಗಮನಿಸಲಿಲ್ಲ. "ಮೂಗಿನ ಹೊಳ್ಳೆ ಇನ್ನೂ ಸ್ವಲ್ಪ ಅಗಲ" ಎಂದೆ.

ಹೊಸ ಮುಖ ಬಂತು. ಅಣ್ಣ ಅದನ್ನು ಬಹಳ ಹೊತ್ತು ನೋಡಿದ. ಹೊರಗೆ ಕಳಸದ ಬಸ್ಸಿನವನು ಹಾರ್ನ್ ಒತ್ತುತ್ತಿದ್ದ.

"ಇರಬಹುದು" ಎಂದ ಅಣ್ಣ.

ಯತೀಶ ಮೇಜು ತಟ್ಟಿದ. "ಬಂತು ನೋಡಿ ಗೌಡ್ರೆ! ನಾ ಹೇಳಿರ್ಲಿಲ್ವಾ, ಸ್ವಲ್ಪ ತಾಳ್ಮೆ ಬೇಕು ಅಂತ? ಪ್ರಿಂಟ್ ಹಾಕ್ಲಾ?"

ಅಣ್ಣ ನನ್ನ ಕಡೆಗೆ ತಿರುಗಿದ. ಆ ನೋಟವನ್ನು ವರ್ಣಿಸಲು ನಾನು ಪ್ರಯತ್ನಿಸುವುದಿಲ್ಲ; ವರ್ಣನೆಯ ಫಲವನ್ನು ಈಗಷ್ಟೇ ನೋಡಿದ್ದೇನೆ. ಚಿತ್ರ ಸರಿಯಾಗಿದ್ದರಿಂದ ಅವನು ಒಪ್ಪಿರಲಿಲ್ಲ. ಪಕ್ಕದಲ್ಲಿಟ್ಟು ಹೋಲಿಸಲು ಅವನ ಬಳಿ ಏನೂ ಉಳಿದಿರಲಿಲ್ಲ. ಒಳಗಿದ್ದದ್ದನ್ನು ಒಂದೊಂದೇ ಮುಖದಿಂದ ಒರೆಸಿ ಒರೆಸಿ, ಹಲಗೆ ಖಾಲಿಯಾದ ಮೇಲೆ, ಸರಿಯಾಗಿದೆಯೇ ಎಂದು ಅವನನ್ನೇ ಕೇಳುತ್ತಿದ್ದೆವು.

ಮೆಟ್ಟಿಲಿಳಿಯುವಾಗ ಅವನೇ ನನ್ನ ಕೈ ಹಿಡಿದುಕೊಂಡ.

"ಇನ್ನು ನಾವಿಬ್ರೂ ಒಂದೇ ಮಾರಾಯ್ತಿ. ನಿಂಗೂ ಕಾಣಲ್ಲ, ನಂಗೂ ಕಾಣಲ್ಲ. ಪ್ರಬಂಧ ಬರೆಯೋಕೆ ಈಗ ಕೂರ್ಬೋದು ನಾನು." ನಕ್ಕ. ಅಣ್ಣ ತಮಾಷೆ ಮಾಡಿದಾಗ ಅಳು ಬಂದದ್ದು ಅದೇ ಮೊದಲು.

ಇದು ಒಂದು ಮನೆಯ ಸಂಕಟ, ಇದನ್ನೇಕೆ ಪತ್ರಿಕೆಯಲ್ಲಿ ಬರೆಯಬೇಕು ಎಂದು ಕೆಲವರಿಗೆ ಅನ್ನಿಸಬಹುದು. ನಿಮ್ಮ ನಡುಮನೆಯ ಗೋಡೆಯನ್ನೊಮ್ಮೆ ನೋಡಿಕೊಳ್ಳಿ. ಈಗ ಮೂಡಿಗೆರೆಯಲ್ಲಿ ಯಾರ ಮನೆಗೆ ಹೋದರೂ ಹಿರಿಯರೆಲ್ಲ ಬೆಳ್ಳಗಾಗಿದ್ದಾರೆ, ಹಲ್ಲು ಸಾಲಾಗಿದೆ, ಬಿಸಿಲಲ್ಲಿ ಬೆಂದ ಕತ್ತುಗಳೆಲ್ಲ ನುಣುಪಾಗಿವೆ. ಜೀವಮಾನವಿಡೀ ಅಂಗಿಯ ಮೇಲಿನ ಗುಂಡಿ ಹಾಕಿಕೊಳ್ಳದ ಅಜ್ಜಂದಿರು ಕೋಟು ತೊಟ್ಟು ನಿಂತಿದ್ದಾರೆ. ಚೆನ್ನಾಗಿದೆ ಎನ್ನುತ್ತೇವೆ. ದಿನವೂ ನೋಡುತ್ತೇವೆ. ನೋಡನೋಡುತ್ತ, ಒಳಗೆ ಕುಳಿತಿದ್ದ ಮಾಸಿದ ಅಂಗಿಯ ಅಜ್ಜ ಎದ್ದು ಹೋಗುತ್ತಾರೆ. ಹೋದದ್ದು ಗೊತ್ತಾಗುವುದಿಲ್ಲ, ಏಕೆಂದರೆ ಆ ಕುರ್ಚಿ ಖಾಲಿಯಿರುವುದಿಲ್ಲ.

ಯಂತ್ರ ಮನುಷ್ಯನಂತೆ ಯೋಚಿಸಲು ಯಾವಾಗ ಕಲಿಯುತ್ತದೆಂದು ಎಲ್ಲರೂ ಕೇಳುತ್ತಿದ್ದಾರೆ. ನನ್ನನ್ನು ಕಾಡುತ್ತಿರುವುದು ಆ ಪ್ರಶ್ನೆಯಲ್ಲ. ಕಣ್ಣು ಮುಚ್ಚಿ ಒಂದು ತೋಟವನ್ನೇ ಸುತ್ತಿ ಬರುತ್ತಿದ್ದ ಮನುಷ್ಯನನ್ನು ಒಂದೇ ಬೆಳಗಿನಲ್ಲಿ ನಮ್ಮ ಹಾಗೆ ಮಾಡಿಬಿಟ್ಟೆವಲ್ಲ? "ನಮ್ಮ" ಎಂಬಲ್ಲಿ ಯಂತ್ರವನ್ನೂ ನನ್ನನ್ನೂ ಸೇರಿಸಿಯೇ ಹೇಳುತ್ತಿದ್ದೇನೆ.

ಮಾತಾದರೂ ಉಳಿದಿದೆ ಎಂದು ಸಮಾಧಾನ ಪಡೋಣವೆಂದರೆ ಅದೂ ಸಾಧ್ಯವಾಗಲಿಲ್ಲ. ತಿಥಿಯ ಹಿಂದಿನ ದಿನ, ಅಣ್ಣನ ಮನೆಯಲ್ಲಿ ಕುಳಿತು ಕಡುಬಿಗೆ ಕಾಯಿ ತುರಿಯುತ್ತಿದ್ದಾಗ, ಅವನು ಕೇಳಿದ: "ಆ ಹುಬ್ಬಿನ ಗಾಯ ಇತ್ತಲ್ವಾ? ಬಲಗಡೆ?"

"ಇತ್ತು. ಬಲಗಡೆ" ಎಂದೆ.

ಹೇಗೆ ಗೊತ್ತು? "ಅತ್ತಿಗೆಯ ಬಲಹುಬ್ಬಿನ ತುದಿಯಲ್ಲಿ ಗಾಯದ ಗುರುತಿತ್ತು" ಎಂಬ ವಾಕ್ಯ ನನ್ನಲ್ಲಿದೆ. ವಾಕ್ಯ ಶುದ್ಧವಾಗಿದೆ. ಅದು ಎದುರಿಗೆ ನಿಂತವರ ಬಲವೋ, ನೋಡುತ್ತಿದ್ದ ನನ್ನ ಬಲವೋ? ತೆರೆದು ನೋಡಿ ಖಚಿತಪಡಿಸಿಕೊಳ್ಳಲು ನನ್ನೊಳಗೆ ಹುಬ್ಬಿಲ್ಲ. ವಾಕ್ಯದ ಆಚೆ ಮತ್ತೂ ಕತ್ತಲೆ. ನನ್ನ ಪಾಠವನ್ನು ಕೇಳಿ, ಗಾಯವಿದ್ದ ಹುಬ್ಬಿನಿಂದ ಅದನ್ನು ಕಿತ್ತು, ಗಾಯವಿಲ್ಲದ ಹುಬ್ಬಿಗೆ ಹಾಕಿಬಿಟ್ಟನೇ ಅಣ್ಣ? ಯಾರನ್ನು ಕೇಳಲಿ? ಒಬ್ಬನೇ ಒಬ್ಬ ಸಾಕ್ಷಿಯಿದ್ದ. ಅವನು ಈಗ ನನ್ನನ್ನು ಕೇಳುತ್ತಿದ್ದಾನೆ.

ಮರುದಿನ ತಿಥಿ. ಎಡೆ ಬಡಿಸಿದೆವು. ಕಡುಬು, ಕೋಳಿಸಾರು, ಅತ್ತಿಗೆಗೆ ಪ್ರಾಣವಾಗಿದ್ದ ಕಳಲೆಯ, ಎಂದರೆ ಮಳೆಗಾಲದಲ್ಲಿ ಉಪ್ಪು ಹಾಕಿಟ್ಟ ಎಳೆಬಿದಿರಿನ, ಪಲ್ಯ. ಸ್ಟುಡಿಯೋದಿಂದ ಪ್ರಿಂಟ್ ಹಾಕಿಸಿ ತಂದ ಹೊಸ ಫೋಟೋವನ್ನು ಇಟ್ಟು ಹಾರ ಹಾಕಿದೆವು. "ಹೋದ ವರ್ಷದಕ್ಕಿಂತ ಇದೇ ಚೆಂದ" ಎಂದರು ನೆರೆಮನೆಯ ಜಾನಕಮ್ಮ, ಅತ್ತಿಗೆಯೊಡನೆ ದಿನವೂ ಬೇಲಿಯ ಬಳಿ ನಿಂತು ಮಾತಾಡುತ್ತಿದ್ದವರು. "ಸುಶೀಲ ಹಿಂಗೇ ಅಲ್ವಾ ಇದ್ದಿದ್ದು."

ಬಾಗಿಲು ಮುಚ್ಚಿ ಎಲ್ಲರೂ ಅಂಗಳಕ್ಕೆ ಬಂದೆವು. ಯಾರೂ ಗಟ್ಟಿಯಾಗಿ ಮಾತಾಡಬಾರದು. ಕಣದಲ್ಲಿ ಕಾಫಿ ಒಣಗುತ್ತಿತ್ತು; ಆ ದಿನ ಕೆದಕುವವರಿರಲಿಲ್ಲ. ಅಣ್ಣ ಮುಚ್ಚಿದ ಬಾಗಿಲನ್ನೇ ನೋಡುತ್ತ, ನನಗೊಬ್ಬಳಿಗೇ ಕೇಳುವಂತೆ ಹೇಳಿದ:

"ಒಳಗೆ ಈಗ ಊಟಕ್ಕೆ ಯಾರು ಕೂತಿದಾರೆ ಸರೋಜ?"

ನಾನೂ ಬಾಗಿಲನ್ನೇ ನೋಡಿದೆ.

ಸ್ವಲ್ಪ ಹೊತ್ತಿನ ಮೇಲೆ ಬಾಗಿಲು ತೆರೆದೆವು. ಎಲೆ ಇಟ್ಟಂತೆಯೇ ಇತ್ತು. ಅದು ಪ್ರತಿ ತಿಥಿಯಲ್ಲೂ ಹಾಗೆಯೇ ಇರುತ್ತದೆ. ಬಂದು ಉಂಡು ಹೋದರೆಂದು ತಿಳಿದುಕೊಳ್ಳುವುದು ವಾಡಿಕೆ. ಫೋಟೋದವಳು ನಗುತ್ತಿದ್ದಳು.

ಆದರೆ ಬದುಕಿರುವಷ್ಟು ದಿನವೂ ಜಾಗವನ್ನು ಇತರರಿಗೆ ಬಿಟ್ಟುಕೊಟ್ಟ ನನ್ನ ಅತ್ತಿಗೆ, ಇದು ಬೇರೆ ಯಾರದ್ದೋ ಎಲೆಯೆಂದುಕೊಂಡು ಹೊಸ್ತಿಲಿನಿಂದಲೇ ತಿರುಗಿ ಹೋಗಿರಲಾರರೇ?